ಎಮ್ಮೆ ಮೂತಿಯ ಹಲಗೆ

ಅವತ್ತು ಬೆಳಿಗ್ಗೆ ಅವರು ಹಲಗೆಯ ತುದಿಯಲ್ಲಿ ಒಂದು ಕಾಲು ಇಟ್ಟರೋ ಎರಡೂ ಕಾಲು ಇಟ್ಟರೋ, ನನಗೆ ಗೊತ್ತಿಲ್ಲ. ನಾನು ಅಲ್ಲೇ ಇದ್ದೆ. ಅದನ್ನು ನೋಡಲೆಂದೇ ಘಟ್ಟ ಇಳಿದು ಹೋಗಿದ್ದೆ. ಆದರೂ ಗೊತ್ತಿಲ್ಲ. ಒಂದು ಕಾಲು ಕಂಡ ನೆನಪು ಸ್ಪಷ್ಟವಾಗಿದೆ; ಎಷ್ಟು ಸ್ಪಷ್ಟವಾಗಿದೆ ಎಂದರೆ ಆ ಸ್ಪಷ್ಟತೆಯ ಮೇಲೇ ನನಗೆ ಅನುಮಾನ. ನೋಡಿದ್ದು ಒಂದು ಸಲ, ಅದರ ಬಗ್ಗೆ ಜಗಳವಾಡಿದ್ದು ನೂರಾರು ಸಲ. ಜಗಳವಾಡುತ್ತ ಆಡುತ್ತ ನೆನಪಿಗೆ ಪಾಲಿಶ್ ಬಿದ್ದಿರಬೇಕು. ಕಣ್ಣಿಗೆ ಕಂಡದ್ದೂ ಒಂದು ಅಳತೆ ಮಾತ್ರ, ಎಲ್ಲ ಅಳತೆಗೂ ದೋಷ ಇದ್ದೇ ಇರುತ್ತದೆ ಎಂದು ನಾನು ತರಗತಿಯಲ್ಲಿ ಹೇಳುವ ಮಾತನ್ನೇ ಅವರಿಗೂ ಹೇಳಿದ್ದೆ.

"ದೋಷ ನಿಮ್ಮ ಕಣ್ಣಿಂದು. ಅದನ್ನ ತಂದು ನನ್ನ ಕಾಲಿಗೆ ಯಾಕೆ ಹಚ್ತೀರಿ ಸಾಬ್?" ಅಂದಿದ್ದರು.

ಅವರು ಪಶುವೈದ್ಯರು. ಈಚೆಗೆ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಚನ್ನಗಿರಿ, ನ್ಯಾಮತಿ, ಜಗಳೂರು, ಹೊನ್ನಾಳಿಗಳಲ್ಲಿ ಕೊಟ್ಟಿಗೆ ಇದ್ದವರಿಗೆ ಹೆಸರು ಬೇಕಿಲ್ಲ. ಗಮ್‌ಬೂಟು, ಹೆಗಲ ಮೇಲೊಂದು ಕೆಂಪು ಟವೆಲು, ಎಮ್ಮೆಗೂ ಎಮ್ಮೆಯ ಯಜಮಾನನಿಗೂ ಒಂದೇ ದನಿಯಲ್ಲಿ ಬೈಯುವ ಚಾಳಿ, ಇಷ್ಟು ಹೇಳಿದರೆ ಸಾಕು.

ನಾನು ಚನ್ನಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದಾಗ ಪಕ್ಕದ ಬಾಡಿಗೆ ಮನೆಗೆ ಬಂದರು. ನಮ್ಮಿಬ್ಬರ ನಡುವೆ ಒಂದು ಕಾಂಪೌಂಡ್ ಗೋಡೆ, ಎದೆಮಟ್ಟದ್ದು. ಅದರ ಆಚೆ ನಿಂತು ಮೊದಲ ದಿನವೇ ಕೇಳಿದ ಪ್ರಶ್ನೆ: "ಸಾಬ್, ನೀವು ಫಿಸಿಕ್ಸ್ ಅಂತೆ. ಉದ್ದನೆ ಹಲಗೆ ನೀರ ಮ್ಯಾಲೆ ಹೋಗ್ತಿರತೈತೆ. ಮನುಷ್ಯ ಅದರ ಮೂಗಿನ ತುದೀಲಿ ನಿಂತ್ರೆ ಹೆಂಗೆ ಮುಳುಗಲ್ಲ?"

"ಮುಳುಗುತ್ತೆ," ಅಂದೆ. ಅಲ್ಲಿಂದ ಶುರುವಾಯಿತು.

ಅದಕ್ಕೆ ಮುಂಚೆ ಅವರು ಕರಾವಳಿಯಲ್ಲಿದ್ದರು. ಅಲ್ಲಿ ಸರ್ಫಿಂಗ್ ಕಲಿಸುವವನೊಬ್ಬನ ನಾಯಿಯನ್ನು ಉಳಿಸಿಕೊಟ್ಟಿದ್ದಕ್ಕೆ ಅವನು ಇವರನ್ನು ನೀರಿಗಿಳಿಸಿದನಂತೆ. ನಲವತ್ತು ದಾಟಿದ ಮೇಲೆ, ಆ ದೇಹ ಇಟ್ಟುಕೊಂಡು, ಅಲೆಯ ಮೇಲೆ ನಿಲ್ಲುವುದನ್ನು ಕಲಿತರು. ಅಷ್ಟರಲ್ಲಿ ವರ್ಗವಾಯಿತು. ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯಾದರೂ ಇದೆ. ಗಾಳಿ ಬೀಸಿದ ದಿನ ನನ್ನನ್ನು ಏರಿಯ ಮೇಲೆ ನಿಲ್ಲಿಸಿಕೊಂಡು, "ನೋಡ್ರಿ, ಅಲೆ ಐತೆ" ಅನ್ನುತ್ತಿದ್ದರು. ಅಂಗೈ ಎತ್ತರದ ಸುಕ್ಕು ಅದು. "ಇದು ಅಲೆಯಲ್ಲ ಡಾಕ್ಟ್ರೇ, ಕೆರೆಗೆ ಚಳಿಯಾಗಿದೆ" ಅಂದರೆ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ಜಗಳೂರಿಗೆ ಹಾಕಿದಾಗ ಫೋನ್ ಮಾಡಿ, "ಇಲ್ಲಿ ಬಿಂದಿಗೇಲಿ ಅಲ್ಲಾಡೋ ನೀರಿಗೂ ಜನ ಬೈತಾರೆ, ಚೆಲ್ಲೀತು ಅಂತ" ಅಂದರು.

ದೊಡ್ಡ ಅಲೆ ಅವರಿಗೆ ಬೇಕಿರಲಿಲ್ಲ. ಮೊಣಕಾಲೆತ್ತರದ, ಅವಸರವಿಲ್ಲದೆ ಮಡಚಿಕೊಳ್ಳುತ್ತ ಬರುವ ಸೋಮಾರಿ ಅಲೆಯೇ ಬೇಕು. ಅದರ ಮೇಲೆ ಉದ್ದನೆಯ ಹಲಗೆ ಜಾರುತ್ತಿರುವಾಗ ಹಿಂದಿನಿಂದ ಮುಂದಕ್ಕೆ ನಡೆದುಹೋಗಬೇಕು. ಕಾಲೆಳೆಯುತ್ತ ಅಲ್ಲ, ಗದ್ದೆ ಬದುವಿನ ಮೇಲೆ ನಡೆದಂತೆ ಒಂದು ಕಾಲಿನ ಮುಂದೆ ಇನ್ನೊಂದನ್ನು ದಾಟಿಸುತ್ತ. ಮೂಗಿನ ತುದಿಯಲ್ಲಿ ನಿಂತು ಬೆರಳುಗಳನ್ನು ಅಂಚಿನಾಚೆ ಚಾಚಬೇಕು. ಒಂದು ಕಾಲಿನ ಐದು ಬೆರಳು ದಾಟಿದರೆ ಅರ್ಧ ವಿದ್ಯೆ. ಎರಡೂ ಕಾಲು ಜೋಡಿಸಿ ಹತ್ತು ಬೆರಳು ದಾಟಿಸಿದರೆ ಪೂರ್ತಿ.

"ಐದು ಆಗೈತೆ. ಬೇಕಾದಷ್ಟು ಸಲ ಆಗೈತೆ. ಹತ್ತು ಆಗಿಲ್ಲ," ಅನ್ನುತ್ತಿದ್ದರು. ಜೊತೆಗೇ, "ಅದು ನಂದು ತಪ್ಪಲ್ಲ, ಹಲಗೇದು."

ಹಾಗಾಗಿ ಹಲಗೆ ಆರಿಸಬೇಕಿತ್ತು. ಅದನ್ನು ಆರಿಸಲು ಅವರು ತೆಗೆದುಕೊಂಡ ಕಾಲದಲ್ಲಿ ನನ್ನ ವಿದ್ಯಾರ್ಥಿಗಳು ಡಿಗ್ರಿ ಮುಗಿಸಿ ಮದುವೆಯಾಗಿ ಮಕ್ಕಳನ್ನು ಶಾಲೆಗೆ ಸೇರಿಸಿದರು.

ಅವರು ಯೋಚಿಸುವುದು ಚಿತ್ರ ಬರೆದು. ಬರೆಯುವುದು ದನದ ಹುಣ್ಣಿಗೆ ಹಚ್ಚುವ ನೇರಳೆ ಔಷಧಿಯಲ್ಲಿ ಬ್ರಷ್ ಅದ್ದಿ, ನಮ್ಮ ಕಾಂಪೌಂಡ್ ಗೋಡೆಯ ಮೇಲೆ. ಅಗಲ ಮೂಗಿನದು, ಚೂಪು ಮೂಗಿನದು, ಬಾಲ ದುಂಡಗಿರುವುದು, ಬಾಲ ಕತ್ತರಿಸಿದಂತೆ ಚೌಕವಾಗಿರುವುದು. ಆ ಔಷಧಿ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಮನೆಯ ಯಜಮಾನಿ, ಸಂತೇಬೆನ್ನೂರಿನ ಕಡೆಯ ಹಿರಿಯ ಹೆಂಗಸು, ಬಾಡಿಗೆ ವಸೂಲಿಗೆ ಬಂದಾಗ ಗೋಡೆ ನೋಡಿ ನಿಂತುಬಿಟ್ಟರು.

"ಏನ್ರಿ ಡಾಕ್ಟ್ರೇ ಇದು? ಮೀನಾ, ಬದನೆಕಾಯಾ?"

"ಹಲಗೆ ಅಮ್ಮಾ."

"ಹಲಗೆ ಅಂತೆ! ಇಷ್ಟು ಬರೆಯೋ ಬದ್ಲು ಒಂದು ಹಲಗೆ ತಗಂಡು ಬಾಗ್ಲು ರಿಪೇರಿ ಮಾಡ್ಸಬಾರ್ದಾ?"

ಈ ಹಲಗೆ ಎಂಬ ಮಾತೇ ತಾಪತ್ರಯ. ಕರಾವಳಿಯಲ್ಲಿ ಹಲಗೆ ಎಂದರೆ ಹಲಗೆ. ನಮ್ಮ ಕಡೆ ಅದು ಮೆರವಣಿಗೆಯಲ್ಲಿ ಬಾರಿಸುವ ಚರ್ಮವಾದ್ಯವೂ ಹೌದು. ಚಹಾದಂಗಡಿಯಲ್ಲಿ ಕೂತು, "ಒಂದು ಒಳ್ಳೆ ಹಲಗೆ ಸಿಕ್ಕರೆ ಸಾಕು, ನಾನೇನು ಅಂತ ತೋರಸ್ತೀನಿ" ಎಂದು ಇವರು ಗಂಟಲೆತ್ತಿ ಹೇಳಿದ್ದು ಎಲ್ಲಿಂದ ಎಲ್ಲಿಗೆ ಹೋಯಿತೋ, ಒಂದು ಭಾನುವಾರ ನಲ್ಲೂರಿನಿಂದ ಒಬ್ಬಾತ ಬೈಕಿನಲ್ಲಿ ಬಂದ.

"ಡಾಕ್ಟ್ರೇ, ನೀವು ಹಲಗೆ ಭಾರಿ ಅಂತೆ. ನಮ್ ಮೇಳದಾಗೆ ಒಬ್ರು ಕಮ್ಮಿ ಅದಾರೆ. ಗುರುವಾರ ಬರಾಕೆ ಆಗತ್ತಾ?"

"ನಾನು ಬಾರ್ಸಲ್ಲಪ್ಪ. ಅದರ ಮ್ಯಾಲೆ ನಿಂತ್ಕಂತೀನಿ."

ಆತ ಸ್ವಲ್ಪ ಹೊತ್ತು ಯೋಚಿಸಿದ. "ನಿಂತ್ರೆ ಹರಿಯಲ್ವಾ?"

ನಾನು ಗೋಡೆಯ ಈಚೆ ಕೂತು ನಕ್ಕೆ. ಅವರು ನಗಲಿಲ್ಲ. ಅವನನ್ನು ಒಳಗೆ ಕರೆದು, ಚಹಾ ಕೊಟ್ಟು, ಗೋಡೆಯ ಚಿತ್ರವನ್ನೆಲ್ಲ ಒಂದೊಂದಾಗಿ ವಿವರಿಸಿ ಕಳಿಸಿದರು. ಹೋಗುವಾಗ ಆತ ನನ್ನ ಕಡೆ ನೋಡಿದ ನೋಟದಲ್ಲಿ ನನ್ನ ಬಗ್ಗೆ ಕನಿಕರವಿತ್ತು.

ಏತದ ವಾದವನ್ನು ಬರೆಯಲೇಬೇಕು. ಹಲಗೆಯ ಒಂದು ತುದಿಯಲ್ಲಿ ಭಾರ ಬಿದ್ದರೆ ಇನ್ನೊಂದು ತುದಿ ಏಳಬೇಕು, ಏತದ ಹಾಗೆ ಎಂದು ನಾನು. ಬಾಲವನ್ನು ನೀರು ಹಿಡಿದುಕೊಂಡಿರುತ್ತದೆ ಎಂದು ಅವರು. ನೀರಿಗೆ ಕೈ ಇದೆಯೇ ಎಂದು ನಾನು. ಇದು ಒಂದು ಮಳೆಗಾಲ ಪೂರ್ತಿ ನಡೆಯಿತು. ಕೊನೆಗೆ ಇದನ್ನು ಮುಗಿಸಿಬಿಡೋಣವೆಂದು ನಾನೇ ಅವರನ್ನು ಅಡುಗೆಮನೆಗೆ ಕರೆದು, ನಲ್ಲಿ ಬಿಟ್ಟು, ಚಮಚದ ಉಬ್ಬಿದ ಬೆನ್ನನ್ನು ಧಾರೆಗೆ ತಾಗಿಸಿದೆ. ಚಮಚ ಆಚೆ ಹೋಗುವ ಬದಲು ನೀರಿನ ಕಡೆಗೇ ಎಳೆದುಕೊಂಡಿತು. ಉಬ್ಬಿದ ಮೈಯನ್ನು ನೀರು ಸುತ್ತಿಕೊಂಡು ಹರಿದರೆ ಆ ಮೈಯನ್ನು ತನ್ನತ್ತ ಸೆಳೆಯುತ್ತದೆ; ಹಲಗೆಯ ಬಾಲದ ತಳ ಮೇಲಕ್ಕೆ ಬಾಗಿದ್ದರೆ ಅಲೆ ಅದನ್ನು ಕೆಳಕ್ಕೆ ಹಿಡಿದಿಟ್ಟುಕೊಳ್ಳುತ್ತದೆ; ಆಗ ಮುಂದಿನ ತುದಿಯಲ್ಲಿ ಒಬ್ಬ ನಿಲ್ಲಬಹುದು, ಬಹುಶಃ, ಎಂದು ಒಪ್ಪಿಕೊಂಡೆ.

ಅದು ನಾನು ಮಾಡಿದ ದೊಡ್ಡ ಮೂರ್ಖತನ. ಅಲ್ಲಿಯವರೆಗೆ ಮೂಗಿನ ಬಗ್ಗೆ ಮಾತ್ರ ಚರ್ಚೆ ಇತ್ತು. ಮಾರನೆಯ ದಿನದಿಂದ ಬಾಲ ಎಷ್ಟು ಬಾಗಬೇಕು ಎಂಬುದು ಸೇರಿಕೊಂಡಿತು. ಆಮೇಲೆ ಅಂಚು: ಚೂಪಾಗಿದ್ದರೆ ನೀರು ಕತ್ತರಿಸಿ ಹೋಗುತ್ತದೆ, ದುಂಡಗಿದ್ದರೆ ಸುತ್ತಿಕೊಳ್ಳುತ್ತದೆ, ಆದ್ದರಿಂದ ದುಂಡಗಿರಲಿ. ಆಮೇಲೆ ತಳದಲ್ಲಿ ಮೀನಿಗಿರುವಂಥ ರೆಕ್ಕೆ: ಮೂರು ಬೇಡ, ಒಂದೇ ಇರಲಿ, ದೊಡ್ಡದಿರಲಿ. ಆಮೇಲೆ ಮೂಗಿನ ತಳ: ಸೌಟಿನ ಹಾಗೆ ಸ್ವಲ್ಪ ಗುಳಿ ಇದ್ದರೆ ನೀರು ಅಲ್ಲಿ ಒತ್ತಿ ಎತ್ತಿ ಹಿಡಿಯುತ್ತದೆ. ಎಷ್ಟು ಗುಳಿ? ಹಿಟ್ಟಿನ ಸೌಟೋ ಸಾರಿನ ಸೌಟೋ? ನನ್ನ ಹೆಂಡತಿ ಎರಡನ್ನೂ ತೆಗೆದುಕೊಟ್ಟು, "ಇಟ್ಕಳಿ ಡಾಕ್ಟ್ರೇ, ಊಟದ ಹೊತ್ತಿಗೆ ವಾಪಸ್ ಕೊಡಿ" ಅಂದಳು.

ಇಷ್ಟೆಲ್ಲ ಆದಮೇಲೂ ಅವರು ನಿರ್ಧಾರ ಮಾಡುತ್ತಿರಲಿಲ್ಲ. ಕಾರಣ ನನಗೆ ತಡವಾಗಿ ತಿಳಿಯಿತು. ಲೆಕ್ಕವೆಲ್ಲ ಒಂದು ಕಡೆ ಕರೆದೊಯ್ಯುತ್ತಿತ್ತು, ಮನಸ್ಸು ಇನ್ನೊಂದು ಕಡೆ. ಅವರಿಗೆ ಎತ್ತು ಎಂದರೆ ಪ್ರಾಣ. ಉದ್ದ ಮುಖ, ಸಣ್ಣ ಮೂತಿ, ತೆಳು ಬಾಲ, ಎಳೆದು ಕಟ್ಟಿದಂಥ ಮೈ. ಜಗತ್ತಿನ ಯಾವ ವಸ್ತುವನ್ನೂ ಅವರು ಎತ್ತು ನೋಡುವ ಕಣ್ಣಿನಿಂದಲೇ ನೋಡುತ್ತಿದ್ದರು. ನಾನು ಹೊಸ ಸ್ಕೂಟರ್ ತಂದಾಗ ಹಿಂದೆ ನಿಂತು, "ಹಿಂಭಾಗ ಸರಿ ಇಲ್ಲ" ಅಂದಿದ್ದರು.

ನ್ಯಾಮತಿಯಲ್ಲಿದ್ದಾಗ ಆ ಕಡೆಯ ಒಂದು ದನದ ಸಂತೆಗೆ ನನ್ನನ್ನು ಎಳೆದುಕೊಂಡು ಹೋಗಿದ್ದರು. ಅಲ್ಲಿ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಇಬ್ಬರ ಕೈಯ ಮೇಲೆ ಒಂದು ಟವೆಲು ಮುಚ್ಚಿ, ಒಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ. ಅಂಗೈ ಪೂರ್ತಿ ಹಿಡಿದರೆ ಐದು. ಬಿಟ್ಟು ಮತ್ತೆ ಎಷ್ಟು ಬೆರಳು ಹಿಡಿದರೆ ಅಷ್ಟು ಅದಕ್ಕೆ ಸೇರುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಕೆಂಪು ಟವೆಲಿನ ಕೆಳಗೆ ನನ್ನ ಕೈ ಹಿಡಿದು ಕಲಿಸಿದರು. ಆಮೇಲೆ ಅದು ಚಟವೇ ಆಯಿತು. ಹೋಟೆಲಿನಲ್ಲಿ ಪೇಪರಿನ ಕೆಳಗೆ ನನ್ನ ಕೈ ಹುಡುಕಿ ಎರಡು ಬೆರಳು ಹಿಡಿದರೆ ಎರಡು ದೋಸೆ ಎಂದು ನಾನು ತಿಳಿಯಬೇಕು. "ಬಾಯಿ ಇದೆಯಲ್ಲ ಡಾಕ್ಟ್ರೇ, ಹೇಳಬಾರದೇ?" ಎಂದರೆ, "ಹಂಗೆ ಹೇಳಿದ್ರೆ ಪಕ್ಕದ ಟೇಬಲ್‌ನೋನು ರೇಟ್ ಏರಸ್ತಾನೆ" ಅನ್ನುವುದು.

ಜಗಳೂರಿನಲ್ಲಿ ಒಂದು ಆಕಳು ಇವರನ್ನು ಒದ್ದು, ಇವರು ಬಿದ್ದ ಮೇಲೆ ತುಳಿದೂ ತುಳಿದು, ಬಲಗಾಲಿನ ಮಂಡಿ ಹೋಯಿತು. ನನಗೆ ಹೇಳಿದ್ದು ಅಷ್ಟು: ಮಂಡಿ. ದಾವಣಗೆರೆಯ ಮೂಳೆ ಡಾಕ್ಟರು ಮಂಡಿ ಬದಲಿಸಬೇಕೆಂದೂ, ಬದಲಿಸಿದ ಮೇಲೆ ಈ ಹಲಗೆ ಗಿಲಗೆ ಮರೆತುಬಿಡಬೇಕೆಂದೂ ಹೇಳಿದರು. ಇವರು ಒಂದು ಚಳಿಗಾಲದ ವಾಯಿದೆ ಕೇಳಿಕೊಂಡು ಬಂದರು. ಅಷ್ಟರಲ್ಲಿ ಹೊನ್ನಾಳಿಗೆ ವರ್ಗವಾಗಿತ್ತು. ನಾನು ನೋಡಲು ಹೋದಾಗ ಆಸ್ಪತ್ರೆಯ ವರಾಂಡದಲ್ಲಿ, ಗಮ್‌ಬೂಟು ಹಾಕಿಕೊಂಡೇ, ನೆಲದ ಗೆರೆಯೊಂದರ ಮೇಲೆ ಕುಂಟುತ್ತ ಕಾಲು ದಾಟಿಸುತ್ತ ನಡೆಯುತ್ತಿದ್ದರು. ಎಮ್ಮೆ ಹಿಡಿದು ಕಾಯುತ್ತಿದ್ದವನೊಬ್ಬ ನನ್ನನ್ನು ಕೇಳಿದ: "ಡಾಕ್ಟ್ರಿಗೆ ಏನಾಗೈತ್ರಿ?"

ಆವತ್ತೇ ಅವರು ಒಂದು ಮಾತು ಹೇಳಿದ್ದು ಎಂದು ನನ್ನ ನೆನಪು. ಬೇರೆ ದಿನವೂ ಇರಬಹುದು. "ಹತ್ತು ಅಂದ್ರೆ ಹತ್ತೇ ಅಂತಲ್ಲ ಸಾಬ್. ಇರೋ ಬೆರಳೆಲ್ಲ ದಾಟಿದ್ರೆ ಹತ್ತೇ ಲೆಕ್ಕ." ನನಗೆ ರೇಗಿತು. ಇಷ್ಟು ವರ್ಷ ಹತ್ತು ಹತ್ತು ಎಂದು ತಲೆ ತಿಂದು ಈಗ ವ್ಯಾಖ್ಯಾನವನ್ನೇ ಸಡಿಲ ಮಾಡುವುದೆಂದರೇನು?

"ಹತ್ತು ಅಂದ್ರೆ ಹತ್ತು," ಅಂದೆ.

"ಆಯ್ತು, ಬರ್ರಿ, ನೀವೇ ಎಣಿಸ್ರಿ."

ನಾನು ಯಾಕೆ ಬರಬೇಕು ಎಂದಾಗ ಅವರು ಕೊಟ್ಟ ಕಾರಣವನ್ನು ಮಾತ್ರ ನಾನು ಮರೆತಿಲ್ಲ. "ಬೇರೆ ಯಾರು ನೋಡಿದೆ ಅಂದ್ರೂ, ಸುಮ್ನೆ ಡಾಕ್ಟ್ರನ್ನ ಖುಷಿ ಮಾಡಾಕೆ ಅಂತಾರೆ ಅಂತ ನಂಗೇ ಅನ್ನಿಸ್ತದೆ. ನೀವು ಅನುಮಾನದ ಮನುಷ್ಯ. ನೀವು ನೋಡಿದೆ ಅಂದ್ರೆ ಅದು ಆದಂಗೆ."

ಹೀಗೆ ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಅವರ ಹಳೇ ಕಾರಿನಲ್ಲಿ ಕರಾವಳಿಗೆ ಹೋದೆವು. ಅಲ್ಲಿ ಹಲಗೆ ಮಾಡುವವನೊಬ್ಬ ಎರಡು ಮಾಡಿಟ್ಟಿದ್ದ, ಎರಡೂ ಹೊಸವು. ಒಂದು ತೆಳ್ಳಗೆ, ಮೂಗು ಚೂಪಾಗಿ, ಬಾಲ ಸಣ್ಣಗಾಗುತ್ತ ಹೋಗಿ, ನಿಂತಲ್ಲೇ ಓಡುವ ಹಾಗಿತ್ತು. ಇನ್ನೊಂದು ಇವರು ಗೋಡೆಯ ಮೇಲೆ ಬರೆದು ಬರೆದು ಕೊನೆಗೆ ಒಪ್ಪಿದ ಲೆಕ್ಕದ್ದು: ಅಗಲವಾದ ಮೊಂಡು ಮೂಗು, ಮೂಗಿನಡಿ ಗುಳಿ, ದಪ್ಪ ದುಂಡು ಅಂಚು, ಅಗಲ ಬಾಲ ಮೇಲಕ್ಕೆ ಬಾಗಿ, ಒಂದೇ ದೊಡ್ಡ ರೆಕ್ಕೆ. ಇಬ್ಬರು ಹೊರಬೇಕು ಅಷ್ಟು ತೂಕ.

ಇವರು ಎರಡನ್ನೂ ಎತ್ತು ನೋಡಿದ ಹಾಗೇ ನೋಡಿದರು. ಬೆನ್ನುದ್ದಕ್ಕೂ ಅಂಗೈ ಎಳೆದರು. ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ದಿಟ್ಟಿಸಿದರು. ನಾನು ಮೊಂಡು ಹಲಗೆಯ ಮೇಲೆ ಒಂದು ಕಾಲಿಡಲು ಹೋದದ್ದಕ್ಕೆ ಕಿರುಚಿದರು: "ನೆಲದ ಮ್ಯಾಲೆ ಇದ್ದಾಗ ಅದರ ಮ್ಯಾಲೆ ಕಾಲಿಡಬಾರದು ಸಾಬ್! ಕೆಳಗೆ ರೆಕ್ಕೆ ಮುರಿತದೆ!" ಈ ನಿಯಮವನ್ನು ಅವರು ಕೊನೆಯವರೆಗೂ ಮೀರಲಿಲ್ಲ, ಯಾರಿಗೂ ಮೀರಲು ಬಿಡಲಿಲ್ಲ. ಆಮೇಲೆ ಚೂಪು ಮೂಗಿನದನ್ನು ತಟ್ಟಿ, "ಇದು," ಅಂದರು.

ಹಲಗೆ ಮಾಡಿದವನು ತಲೆ ಚಚ್ಚಿಕೊಂಡ. "ಎಂಥ ಮಾರಾಯ್ರೆ! ಅದು ದೊಡ್ಡ ಅಲೆಗೆ ಮಾಡಿದ್ದು, ಬೇರೆಯವರಿಗೆ. ನಿಮ್ಮದು ಇದು. ಈ ಸಣ್ಣ ಅಲೆಯಲ್ಲಿ ಅದರ ಮೂಗಿಗೆ ಹೋದರೆ ಸೀದಾ ಕೆಳಗೆ ಉಂಟು ನೀವು."

"ಲಕ್ಷಣ ನೋಡಪ್ಪ ಅದರದ್ದು."

"ಲಕ್ಷಣ ನೋಡ್ಲಿಕ್ಕೆ ಮದುವೆಗಾ?"

ಒಂದು ಪೂರ್ತಿ ದಿನ ಆ ಲಕ್ಷಣವಾದ ಹಲಗೆಯ ಮೇಲೆ ಬಿದ್ದರು. ಎದ್ದು ನಿಲ್ಲುವುದು, ಎರಡು ಹೆಜ್ಜೆ, ಮೂಗು ನೀರಿಗೆ, ಡಾಕ್ಟರು ನೀರಿಗೆ. ನಾನು ಮರಳಿನಲ್ಲಿ ಕೊಡೆ ಹಿಡಿದು ಕೂತಿದ್ದೆ, ಅವರು ಮಂಡಿಗೆ ಮಾಡಿಕೊಳ್ಳುತ್ತಿದ್ದ ಹಾನಿಯನ್ನು ನೋಡುತ್ತ. ಇವರ ಜೊತೆ ವರ್ಷಗಟ್ಟಲೆ ಗೋಡೆಗೆ ಎದೆಯಾನಿಸಿ ನಿಂತು ಗುಳಿ, ಅಂಚು, ಬಾಲ ಎಂದು ತಲೆ ಕೆಡಿಸಿಕೊಂಡದ್ದೆಲ್ಲ ಇದಕ್ಕಾ? ಸಂಜೆ ಅವರು ಬಂದು ಪಕ್ಕದಲ್ಲಿ ಕುಕ್ಕರಿಸಲಾಗದೆ ಕಾಲು ಚಾಚಿ, ಪಾದ ಮರಳಿನಲ್ಲಿ ಹುದುಗಿಸಿ ಕೂತಾಗ ನಾನು ಬೈದೆ. ನಿಮಗೆ ಗೊತ್ತಿರುವುದನ್ನೇ ನೀವು ನಂಬುವುದಿಲ್ಲ, ಇಷ್ಟು ವರ್ಷ ಎಮ್ಮೆ ನೋಡಿ ಅನ್ನ ತಿಂದು ಎತ್ತಿನ ಮುಖ ನೋಡಿ ಮರುಳಾಗುತ್ತೀರಿ, ನಾಳೆ ಆ ಎಮ್ಮೆ ಹತ್ತದಿದ್ದರೆ ನಾನು ಬಸ್ಸು ಹಿಡಿದು ಊರಿಗೆ ಹೋಗುತ್ತೇನೆ ಎಂದೆ.

ಎಮ್ಮೆ ಎನ್ನುವ ಮಾತು ನನ್ನ ಬಾಯಿಂದ ಬಂದದ್ದು ಸಿಟ್ಟಿನಲ್ಲಿ. ಅವರು ಮೊಂಡು ಹಲಗೆಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

"ಹೌದಲ್ಲ," ಅಂದರು. "ಎಮ್ಮೆ ಮೂತೀನೇ. ಎತ್ತಿನ್ನ ನೀರಿಗೆ ಇಳಿಸಾಕೆ ಹೋದ್ರೆ ಹಗ್ಗ ಜಗ್ಗತೈತೆ ಸಾಬ್. ಎಮ್ಮೆ ತಾನೇ ಇಳಿತದೆ. ಮಲಗೇ ಬಿಡತದೆ." ಮಂಡಿ ನೀವಿಕೊಳ್ಳುತ್ತ, "ಚಿಕ್ಕವನಿದ್ದಾಗ ಕೆರೇಲಿ ಎಮ್ಮೆ ಬೆನ್ನ ಮ್ಯಾಲೆ ನಿಂತ್ಕಂತಿದ್ದೆ. ಕುತ್ತಿಗೆ ತನಕ ನಡ್ಕಂಡು ಹೋಗ್ತಿದ್ದೆ." ಅಂದರೆ ಇಡೀ ಪ್ರಶ್ನೆಗೆ ಉತ್ತರ ಅವರಿಗೆ ಗೊತ್ತಾಗಿ ನಲವತ್ತು ವರ್ಷಕ್ಕೂ ಮೇಲಾಗಿತ್ತು. ನನ್ನ ಮೈ ಉರಿಯಿತು.

ಮಾರನೆಯ ಬೆಳಿಗ್ಗೆ ಲಾಡ್ಜಿನಲ್ಲಿ ಇನ್ನೊಂದು ರಗಳೆ. ಹಿಂದಿನ ದಿನವೆಲ್ಲ ಉಪ್ಪುನೀರು, ಮರಳಿನಲ್ಲಿ ಕಾಲು ಉಜ್ಜಿ ಬೆರಳುಗಳೆಲ್ಲ ಬಿರಿದಿದ್ದವಂತೆ. ಮಂಚದ ಮೇಲೆ ಕೂತು ಎರಡೂ ಪಾದದ ತುದಿಗೆ ಅದೇ ನೇರಳೆ ಔಷಧಿಯನ್ನು ಬ್ರಷ್ಷಿನಲ್ಲಿ ಬಳಿದುಕೊಂಡರು. ಲಾಡ್ಜಿನ ಬಿಳಿ ಬೆಡ್‌ಶೀಟಿಗೂ ಬಳಿದರು. ಅದರ ಬಗ್ಗೆ ಮ್ಯಾನೇಜರ್ ಜೊತೆ ಜಗಳವಾಡಿ ಬಗೆಹರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬೆಡ್‌ಶೀಟನ್ನೇ ನೋಡುತ್ತಿದ್ದೆ. ಕಾಲನ್ನು ನೋಡಲಿಲ್ಲ.

ಸಮುದ್ರ ಅವತ್ತು ಕೆನೆಗಟ್ಟಿದ ಹಾಲಿನ ಹಾಗಿತ್ತು. ಅಲೆಗಳು ಬೇಕೋ ಬೇಡವೋ ಎನ್ನುವಂತೆ ಬರುತ್ತಿದ್ದವು. ಎಮ್ಮೆ ನಿಧಾನವಾಗಿ ಅವರನ್ನು ಹೊತ್ತುಕೊಂಡು ಹೊರಟಿತು. ಅವರು ಎದ್ದರು, ಒಂದು ಕ್ಷಣ ಹಿಂದೆಯೇ ನಿಂತು ಬಾಲವನ್ನು ಅಲೆಯೊಳಗೆ ಕೂರಿಸಿದರು, ಆಮೇಲೆ ನಡೆದರು. ಕುಂಟು ಕಾಣಲಿಲ್ಲ. ಒಂದು ಕಾಲು ದಾಟಿಸಿ, ಇನ್ನೊಂದನ್ನು ದಾಟಿಸಿ, ಬದುವಿನ ಮೇಲೆ ಹೋಗುವವರ ಹಾಗೆ. ಬಲಗಾಲು ತುದಿ ಮುಟ್ಟಿತು. ಅಷ್ಟರಲ್ಲಿ ದಡಕ್ಕೆ ಬಡಿದ ಒಂದು ಪುಂಡ ಅಲೆಯ ಹನಿಗಳೆಲ್ಲ ನನ್ನ ಕನ್ನಡಕದ ಮೇಲೆ. ನಾನು ಅಂಗಿಯ ತುದಿಯಿಂದ ಒರೆಸಿಕೊಂಡೆ. ಉಪ್ಪು ಹರಡಿ ಇನ್ನೂ ಮಬ್ಬಾಯಿತು. ಹಾಕಿಕೊಂಡು ನೋಡುವಾಗ ಹಲಗೆ ಒಂದು ಕಡೆ, ಡಾಕ್ಟರು ಒಂದು ಕಡೆ, ಕೈಗಳೆರಡೂ ಮೇಲೆ. ಹಲಗೆ ಮಾಡಿದವನು ಆಗ ಶೆಡ್ಡಿನಲ್ಲಿದ್ದ.

ನೀರು ಸೀಳಿಕೊಂಡು ಬಂದರು. "ನೋಡಿದ್ರಾ?"

"ಒಂದು ಕಾಲು ನೋಡಿದೆ."

"ಏನಂದ್ರಿ?"

"ಬಲಗಾಲು ತುದಿಗೆ ಬಂತು. ಆಮೇಲೆ ಕನ್ನಡಕಕ್ಕೆ ನೀರು ಬಿತ್ತು."

ಅವರ ಮುಖ ಹೇಗಾಯಿತೆಂದು ವರ್ಣಿಸಲಾರೆ. "ಇನ್ನೊಂದು ಕಾಲು ಎಲ್ಲಿಗೆ ಹೋಗಿತ್ತು ಸಾಬ್? ಜಗಳೂರಿಗಾ?"

"ಇಟ್ಟಿರಬಹುದು. ನಾನು ನೋಡಿಲ್ಲ."

"ಇರಬಹುದಾ! ಇಷ್ಟು ದೂರ ಕರ್ಕಂಡು ಬಂದಿದ್ದು 'ಇರಬಹುದು' ಅನ್ನಾಕಾ?"

ಮತ್ತೆ ನೀರಿಗೆ ಹೋಗಲು ಮಂಡಿ ಬಿಡಲಿಲ್ಲ. ಅದು ಊದಿಕೊಂಡಿತು, ಅವರು ಅಲ್ಲೇ ಮರಳಿನಲ್ಲಿ ಕೂತುಬಿಟ್ಟರು. ಹಲಗೆ ಮಾಡಿದವನು ಅದನ್ನು ಎತ್ತಿಕೊಂಡು ಹೋಗಿ, ಒಣಗಿಸಿ, ಕಾಲು ಜಾರದಿರಲೆಂದು ಮೇಲೆ ತಿಕ್ಕುವ ಬಿಳಿ ಮೇಣವನ್ನು ಹಳೆಯದರ ಮೇಲೇ ಇನ್ನೊಂದು ಪದರ ಧಾರಾಳವಾಗಿ ತಿಕ್ಕಿ, ಚೀಲಕ್ಕೆ ಹಾಕಿ, ಕಾರಿನ ಮೇಲೆ ಕಟ್ಟಿಕೊಟ್ಟ. ವಾಪಸು ಘಟ್ಟ ಹತ್ತಿದೆವು. ಊರು ಹತ್ತಿರವಾದ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಯಾರೋ ಕಾರಿನ ಮೇಲಿನದನ್ನು ನೋಡಿ, "ಏನ್ರಿ ಅದು?" ಅಂದರು. "ಎಮ್ಮೆ," ಅಂದರು ಇವರು, ಸಿಟ್ಟಿನಲ್ಲೇ.

ಮಂಡಿ ಬದಲಾಯಿತು. ಹಲಗೆ ಹೊನ್ನಾಳಿಯ ಮನೆಯ ನಡುಮನೆ ಗೋಡೆಗೆ ಏರಿತು, ಮತ್ತೆ ಇಳಿಯಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾವು ಭೇಟಿಯಾದಾಗಲೆಲ್ಲ ಮಾತು ಇದ್ದದ್ದು ಒಂದೇ: ಐದೋ ಹತ್ತೋ. ಅವರು ನಾನಾ ರೀತಿಯಲ್ಲಿ ಬಂದರು. ಬಲಗಾಲು ತುದಿಯಲ್ಲಿದ್ದರೆ ಎಡಗಾಲು ಎಷ್ಟು ಹಿಂದೆ ಇರಬಹುದು, ಫಿಸಿಕ್ಸ್ ಪ್ರಕಾರ ಹೇಳಿ. ನಾನು ಬಿದ್ದ ರೀತಿಯಿಂದ ಲೆಕ್ಕ ಹಾಕಿ. ಕನ್ನಡಕ ಒರೆಸಾಕೆ ಎಷ್ಟು ಹೊತ್ತು ಬೇಕು, ಈಗ ಒರೆಸಿ ತೋರಿಸಿ. ಒಪ್ಪಿಬಿಟ್ಟರೆ ನನಗೇನು ಹೋಗುತ್ತಿತ್ತು ಎಂದು ನನ್ನ ಹೆಂಡತಿ ಕೇಳುತ್ತಾಳೆ. ಒಪ್ಪಿಬಿಟ್ಟರೆ ಅವರಿಗೆ ನನ್ನ ಮಾತಿನಿಂದ ಏನು ಸಿಗಬೇಕಿತ್ತೋ ಅದೇ ಸಿಗುತ್ತಿರಲಿಲ್ಲ. ಸುಮ್ಮನೆ ಖುಷಿಪಡಿಸುವವರು ಅವರಿಗೆ ಬೇಕಾದಷ್ಟು ಜನ ಇದ್ದರು.

ಕೊನೆಯ ಸಲ ನೋಡಿದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ. ಎದೆಯ ತೊಂದರೆ. ಮಾತಾಡಬಾರದು ಎಂದು ನರ್ಸು ಹೇಳಿದ್ದರು. ಮೂಗಿಗೆ ಆಮ್ಲಜನಕದ ಕೊಳವೆ ಇತ್ತು. ನಾನು ಸ್ಟೂಲಿನ ಮೇಲೆ ಕೂತೆ. ಹೊದಿಕೆಯ ಕೆಳಗಿನಿಂದ ಅವರ ಕೈ ಬಂದು ನನ್ನ ಕೈಯನ್ನು ಒಳಗೆ ಎಳೆದುಕೊಂಡಿತು. ಅಂಗೈ ಪೂರ್ತಿ ಹಿಡಿದರು. ಐದು. ಬಿಟ್ಟರು. ಮತ್ತೆ ಹಿಡಿದರು. ಇನ್ನೊಂದು ಐದು ಬರುತ್ತದೆ ಎಂದುಕೊಂಡರೆ, ನನ್ನ ಕಿರುಬೆರಳನ್ನು ಬೇಕೆಂದೇ ಆಚೆ ಸರಿಸಿ ನಾಲ್ಕು ಬೆರಳು ಮಾತ್ರ ಹಿಡಿದರು.

"ಒಂಬತ್ತಾ?" ಅಂದೆ. "ಒಂದು ಇಳಿಸಿದಿರಾ ಡಾಕ್ಟ್ರೇ? ಚೌಕಾಸಿಯಾ?"

ಕೊಳವೆಯ ಕೆಳಗೆ ಮೀಸೆ ಅಲುಗಿತು. ನಕ್ಕರೆಂದೇ ನಾನು ತಿಳಿದುಕೊಂಡೆ. ಹತ್ತರಿಂದ ಒಂದು ಕೆಳಗೆ ಬಂದಿದ್ದಾರೆ, ನಾಳೆ ನಾನೂ ಐದರಿಂದ ಒಂದು ಮೇಲೆ ಹೋಗುತ್ತೇನೆ, ಸಂತೆಯಲ್ಲಿ ಹೀಗೇ ಅಲ್ಲವೇ ಆಗುವುದು ಎಂದುಕೊಂಡು ಬಸ್ಸು ಹತ್ತಿದ್ದೆ. ಆ ನಾಳೆ ಬರಲಿಲ್ಲ.

ಮಣ್ಣಾಗಿ ಕೆಲವು ದಿನ ಕಳೆದ ಮೇಲೆ ಅವರ ಹೆಂಡತಿ, ನಾನು ಭಾಬಿ ಎಂದು ಕರೆಯುವವರು, ಫೋನ್ ಮಾಡಿದರು. "ಭಾಯ್‌ಸಾಬ್, ಆ ಎಮ್ಮೆ ಏನ್ ಮಾಡಾಣ? ಬಿಸಿಲಿಗೆ ಮೇಣ ಕರಗಿ ನಡುಮನೆ ಎಲ್ಲಾ ಅಂಟು. ನೊಣ ಕೂರ್ತಾವೆ. ಯಾರಿಗಾದ್ರೂ ಕೊಡಾಣ ಅಂದ್ರೆ ಮನಸ್ಸು ಬರಲ್ಲ."

ಹೋದೆ. ಇಬ್ಬರೂ ಸೇರಿ ಇಳಿಸಿ ಎರಡು ಕುರ್ಚಿಗಳ ಮೇಲೆ ಮಲಗಿಸಿದೆವು. ಮೇಣದ ತುಂಬ ವರ್ಷಗಳ ಧೂಳು ಕೂತು ಬೂದಿಬಣ್ಣ. ಒಂದು ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಂಡು ಬಾಲದ ಕಡೆಯಿಂದ ಕೆರೆಯುತ್ತ ಬಂದೆ. ಭಾಬಿ ಚಹಾ ಮಾಡಲು ಒಳಗೆ ಹೋದರು. ಮೂಗಿನ ಹತ್ತಿರ ಬಂದಾಗ ಮೇಲಿನ ಪದರ ಎದ್ದು ಬಂತು, ಕೆಳಗಿನ ಹಳೇ ಪದರ ಹಾಗೇ ಉಳಿಯಿತು. ತುದಿಯ ಅಂಚಿನಲ್ಲಿ ನೇರಳೆ ಬಣ್ಣ.

ಕಲೆಗಳು. ಬಟಾಣಿ ಕಾಳಿನಷ್ಟು, ಕೆಲವು ಉದ್ದಿನಷ್ಟು, ಅಂಚಿಗೆ ಸಾಲಾಗಿ. ನನಗೆ ಲಾಡ್ಜಿನ ಬೆಡ್‌ಶೀಟು ನೆನಪಾಯಿತು. ಈ ಹಲಗೆ ನೀರಿಗಿಳಿದದ್ದು ಒಂದೇ ಬೆಳಿಗ್ಗೆ. ನೆಲದ ಮೇಲಿದ್ದಾಗ ಇದರ ಮೇಲೆ ಯಾರೂ ಕಾಲಿಟ್ಟಿಲ್ಲ. ಸ್ಕೇಲು ಕೆಳಗಿಟ್ಟು ಎಣಿಸಿದೆ. ಎಡಗಡೆ ಐದು. ಬಲಗಡೆ ನಾಲ್ಕು.

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಕಾದು, ಸಾಕ್ಷಿ ಎನ್ನುವುದು ಕೈಗೆ ಸಿಕ್ಕರೆ ಅದರಲ್ಲೂ ಒಂದು ಕಮ್ಮಿ! ಇನ್ನೊಂದು ಅಳಿಸಿಹೋಯಿತೇ, ನಾನೇ ಕೆರೆದುಬಿಟ್ಟೆನೇ ಎಂದು ಮೇಣದ ಪುಡಿಯನ್ನೆಲ್ಲ ಬೆರಳಿನಿಂದ ಹರಡಿ ಹುಡುಕುತ್ತಿರುವಾಗ ಭಾಬಿ ಲೋಟ ಹಿಡಿದು ಬಂದರು.

"ಏನು ಹುಡುಕ್ತಾ ಇದೀರಾ?"

"ಭಾಬಿ, ಇಲ್ಲಿ ಒಂದು ಬೆರಳು ಕಮ್ಮಿ ಇದೆ. ಬಲಗಾಲಿನದು, ಕಿರುಬೆರಳು."

ಅವರು ಬಗ್ಗಿ ನೋಡಿದರು. ಆಮೇಲೆ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು, "ಆ ಕಾಲಿಗೆ ನಾಲ್ಕೇ ಅಲ್ವಾ ಇದ್ದಿದ್ದು," ಅಂದರು. "ಜಗಳೂರಲ್ಲಿ ಆಕಳು ತುಳೀತಲ್ಲ, ಕಿರುಬೆರಳು ತೆಗೆದುಬಿಟ್ರು. ಬೂಟು ಯಾಕೆ ಬಿಚ್ತಿರಲಿಲ್ಲ ಮತ್ತೆ? ನಿಮಗೆ ಹೇಳೇ ಇಲ್ವಾ?"

ಚಹಾ ಆರಿತು. ನಾನು ಕನ್ನಡಕ ತೆಗೆದು, ಈ ಸಲ ಒಣಗಿದ ಬಟ್ಟೆ ಕೇಳಿ ತೆಗೆದುಕೊಂಡು, ಚೆನ್ನಾಗಿ ಒರೆಸಿ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಲಗೆಯನ್ನು ತಿರುಗಿಸಿ ಮತ್ತೆ ಎಣಿಸಿದೆ. ಎಡಗಡೆ ಐದು, ಬಲಗಡೆ ನಾಲ್ಕು. ಒಂಬತ್ತು.